ತೆಂಗಿನ ಸೀಮೆಯ ದಂತಧಾವನ: ವಸಡಿನ ರಕ್ಷಣೆಯಲ್ಲಿ ಮರೆತುಹೋದ ಒಂದು ವಿಧಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಯಾವ ಭಾಗವೂ ವ್ಯರ್ಥವಾಗುವುದಿಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾದ ಬಳಿಕ ಕರಟ ಒಲೆಗೆ ಸೇರುತ್ತದೆ. ಅದರ ಇದ್ದಿಲನ್ನು ಪುಡಿಮಾಡಿ, ಉಪ್ಪು ಬೆರೆಸಿ, ಬೆರಳಿನಿಂದ ಹಲ್ಲುಜ್ಜುವುದು ಹಿಂದಿನ ತಲೆಮಾರಿನವರಿಗೆ ಪರಿಚಿತವಾದ ಪದ್ಧತಿ. ಬೇವು, ಹೊಂಗೆಗಳ ಕಡ್ಡಿಗಳೂ ಬಳಕೆಯಲ್ಲಿದ್ದುವು. ಇವೆಲ್ಲವನ್ನೂ ಆಯುರ್ವೇದದ ದಂತಧಾವನವೆಂದು ಹೊಗಳುವವರುಂಟು. ವಸಡು ಸವೆಯಲು ಇವೇ ಕಾರಣವೆಂದು ಹಳಿಯುವವರೂ ಉಂಟು. ಎರಡೂ ಅಭಿಪ್ರಾಯಗಳು ಮೂಲಗ್ರಂಥಗಳನ್ನು ನೋಡದೆ ಹೇಳಿದುವೆಂದು ನಮಗೆ ತೋರುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯವು, ತುದಿ ಜಜ್ಜಿದ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು ಹಲ್ಲನ್ನು ಶುಚಿಮಾಡಬೇಕೆಂದು ವಿಧಿಸುತ್ತದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಕಡ್ಡಿಯ ಅಳತೆಯನ್ನೂ ಕೊಡುತ್ತದೆ: ಉದ್ದ 12 ಅಂಗುಲ, ಗಾತ್ರ ಕಿರುಬೆರಳಿನಷ್ಟು. ಕಹಿಯಲ್ಲಿ ಬೇವು, ಖಾರದಲ್ಲಿ ಹೊಂಗೆ, ಒಗರಿನಲ್ಲಿ ಖದಿರ, ಎಂದರೆ ಕಾಚಿನ ಮರ, ಶ್ರೇಷ್ಠ. ಮೃದುವಾದ ಕುಂಚದಿಂದ ಒಂದೊಂದೇ ಹಲ್ಲನ್ನು ಉಜ್ಜಬೇಕು. ಇಬ್ಬರೂ ಸೇರಿಸಿರುವ ಒಂದು ನಿಬಂಧನೆಯಿದೆ: ದಂತಮಾಂಸಕ್ಕೆ, ಅಂದರೆ ವಸಡಿಗೆ, ಬಾಧೆಯಾಗಕೂಡದು. ಇದು ಸುಮ್ಮನೆ ಆಡಿದ ಮಾತಲ್ಲ. ಸುಶ್ರುತನ ನಿದಾನಸ್ಥಾನವು ಹಲ್ಲಿನ ಬುಡದ ರೋಗಗಳನ್ನೇ 15 ಎಂದು ಎಣಿಸಿ, ವಸಡಿನಿಂದ ಅಕಾರಣವಾಗಿ ರಕ್ತ ಒಸರಿ, ದುರ್ಗಂಧ ಹುಟ್ಟಿ, ಮಾಂಸ ಕರಗಿಹೋಗುವ ‘ಶೀತಾದ’ವನ್ನು ಮೊದಲು ವರ್ಣಿಸುತ್ತದೆ.

ಎಣ್ಣೆ ಮುಕ್ಕಳಿಸುವ ವಿಷಯವನ್ನೂ ಇಲ್ಲಿ ಹೇಳಬೇಕು. ಚರಕನು ವಿಧಿಸಿದ್ದು ಎಳ್ಳೆಣ್ಣೆಯನ್ನು. ಇಂದು ತೆಂಗಿನೆಣ್ಣೆಯನ್ನೇ ಪ್ರಾಚೀನವೆಂದು ಮಾರುವುದುಂಟು. ತಿಪಟೂರಿನ ಕೊಬ್ಬರಿಯಾದರೋ ಗಾಣಕ್ಕಿಂತ ಹೆಚ್ಚಾಗಿ ತಿನ್ನುವುದಕ್ಕೆ ಹೆಸರಾದದ್ದು!

ಕಡ್ಡಿಯ ಸ್ಥಾನವನ್ನು ಪುಡಿ ಆಕ್ರಮಿಸಿದಂತೆ ನಿಬಂಧನೆ ಸಡಿಲವಾಯಿತೆಂಬುದು ನಮ್ಮ ಅಭಿಪ್ರಾಯ. ಸುಶ್ರುತನೂ ಪುಡಿಯನ್ನು ಹೇಳುತ್ತಾನೆ, ಆದರೆ ಮೃದು ಕುಂಚದೊಡನೆ. ಅಗಿದು ನಾರಾದ ಬೇವಿನ ಕಡ್ಡಿ ಬಾಗುತ್ತದೆ. ಇದ್ದಿಲು ಮತ್ತು ಇಟ್ಟಿಗೆಯ ಪುಡಿಯನ್ನು ಬೆರಳು ಒತ್ತಿ ಅಡ್ಡಲಾಗಿ ತಿಕ್ಕುತ್ತದೆ. ಪಾತ್ರೆಗೂ ಹಲ್ಲಿಗೂ ನಮ್ಮ ಆಡುಮಾತಿನಲ್ಲಿ ‘ತಿಕ್ಕು’ ಎಂಬ ಒಂದೇ ಕ್ರಿಯಾಪದವಿರುವುದು ಗಮನಾರ್ಹ. 1913ರಲ್ಲಿ ನಂಜನಗೂಡಿನಲ್ಲಿ ಬಿ. ವಿ. ಪಂಡಿತರ ಸದ್ವೈದ್ಯಶಾಲೆ ಸ್ಥಾಪಿತವಾಗಿ, ಅದರ ಹಲ್ಲುಪುಡಿ ಮೈಸೂರು ಸೀಮೆಯ ಮನೆಮನೆಯ ಮಾತಾಯಿತು.

ಆಧುನಿಕ ಸಂಶೋಧನೆ ಈ ಹಳೆಯ ನಿಬಂಧನೆಗೆ ಹೊಸ ಅರ್ಥ ಕೊಟ್ಟಿದೆ. 1965ರಲ್ಲಿ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ 12 ಮಂದಿಯ ಹಲ್ಲುಜ್ಜುವಿಕೆಯನ್ನು ನಿಲ್ಲಿಸಿ ನೋಡಿದಾಗ, ಮೂರು ವಾರಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು, ಉಜ್ಜತೊಡಗಿದೊಡನೆ ಗುಣವಾಯಿತು. ಹಲ್ಲಿನ ಮೇಲಣ ಪಾಚಿಯೇ ಮೂಲವೆಂಬುದು ಹೀಗೆ ಸ್ಥಿರಪಟ್ಟಿತು. 1992ರಲ್ಲಿ ಅದೇ ಲೋ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹಲ್ಲುಜ್ಜುವ ಅಭ್ಯಾಸವಿಲ್ಲದ ಶ್ರೀಲಂಕಾದ ಚಹಾತೋಟದ ಕೂಲಿಕಾರರಲ್ಲಿ 30ರ ವಯಸ್ಸಿಗೆ ನೂರಕ್ಕೆ ಸುಮಾರು 90 ಮಂದಿಯ ವಸಡು ಹಿಂಜರಿದಿತ್ತು. ನಿಷ್ಠೆಯಿಂದ ಉಜ್ಜುವ ನಾರ್ವೆಯ ವಿದ್ಯಾವಂತರಲ್ಲಿಯೂ 20ರ ವಯಸ್ಸಿಗೇ ನೂರಕ್ಕೆ 60ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡಿತು; ಆದರೆ ಕೆನ್ನೆಯ ಕಡೆಯ ಹೊರಮೈಯಲ್ಲಿ ಮಾತ್ರ. ಉಜ್ಜದಿರುವುದೂ ಅತಿಯಾಗಿ ಉಜ್ಜುವುದೂ ವಸಡನ್ನು ತಿನ್ನುತ್ತವೆ.

ಹಿಂಜರಿದ ವಸಡು ತಾನಾಗಿ ಮರಳಿ ಬೆಳೆಯುವುದಿಲ್ಲ. ಹೊರಬಿದ್ದ ಬೇರು ಹಲ್ಲಿನ ಹೊರಪದರಕ್ಕಿಂತ ಮೆತ್ತಗಿರುವುದರಿಂದ ಇದ್ದಿಲಿಗೆ ಬೇಗ ಸವೆಯುತ್ತದೆ. ಆದುದರಿಂದಲೇ ದಂತವೈದ್ಯರು ಇಂದು ಮೃದುವಾದ ಬ್ರಷ್ಷನ್ನು ವಸಡಿನ ಅಂಚಿನಲ್ಲಿ ಒತ್ತದೆ, ದಿನಕ್ಕೆ ಎರಡು ಹೊತ್ತು ಆಡಿಸಲು ಹೇಳುತ್ತಾರೆ. ಕಟ್ಟಿದ ಪಾಚಿಯ ಗಾರೆಯನ್ನು ಮಾತ್ರ ವೈದ್ಯರೇ ತೆಗೆಯಬೇಕು. ಸುಣ್ಣದೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಡುವ ರೂಢಿಯಿದ್ದಲ್ಲಿ, ಇಟ್ಟ ಜಾಗದಲ್ಲಿಯೇ ವಸಡು ಇಳಿಯುತ್ತದೆ. ಅಲ್ಲಿ ಕಡ್ಡಿಯನ್ನಾಗಲಿ ಪುಡಿಯನ್ನಾಗಲಿ ದೂರಿ ಫಲವಿಲ್ಲ.