ಮಗುವನ್ನು ದತ್ತು ಕೊಡುವ ಮುನ್ನ: ಹೆರುವ ತಾಯಿ ತಿಳಿದಿರಬೇಕಾದ ವಿಷಯಗಳು

ದತ್ತು ಎಂದೊಡನೆ ನಾವು ಮಾತನಾಡುವುದು ಮಗುವಿಗಾಗಿ ಕಾದಿರುವ ದಂಪತಿಗಳ ಬಗ್ಗೆ. ಮಗುವನ್ನು ಹೆತ್ತು ಕೊಡುವ ತಾಯಿಯ ಬಗ್ಗೆ ಮಾತು ಕಡಿಮೆ. ಮದುವೆಗೆ ಮೊದಲೇ ಗರ್ಭಿಣಿಯಾದವರು, ಗಂಡ ಕೈಬಿಟ್ಟವರು, ಸಾಕುವ ಶಕ್ತಿಯಿಲ್ಲದ ದಂಪತಿಗಳು ಹೆರಿಗೆಗೆ ಮೊದಲೇ ಚಿಂತೆಗೆ ಬೀಳುತ್ತಾರೆ. ಜನ ಏನೆಂದಾರು ಎಂಬ ಹೆದರಿಕೆಯಲ್ಲಿ ಮನೆಯವರು ಅವಸರದ ತೀರ್ಮಾನ ಮಾಡುವುದುಂಟು. ಅಂಥವರಿಗಾಗಿ ಕಾನೂನು ತೆರೆದಿಟ್ಟಿರುವ ದಾರಿಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

1. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುವುದು

2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಂ ಪ್ರಕಾರ, ಸಾಕಲಾಗದ ಹೆತ್ತವರು ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆದ್ದರಿಂದ ಹೆರಿಗೆಗೆ ಮೊದಲು ಯಾರಾದರೂ ಸಹಿ ಹಾಕಿಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಸಮಿತಿಯು ವಿಚಾರಣೆ ನಡೆಸಿ, ಆಪ್ತಸಲಹೆ ನೀಡಿದ ಬಳಿಕವೇ ಒಪ್ಪಿಸುವ ಪತ್ರ ಬರೆಸಿಕೊಳ್ಳುತ್ತದೆ. ದಂಪತಿಗಳಾದರೆ ಇಬ್ಬರೂ ಸಹಿ ಹಾಕಬೇಕು. ಅವಿವಾಹಿತ ತಾಯಿಯ ಮಗುವಾದರೆ ಒಪ್ಪಿಸುವ ಹಕ್ಕು ತಾಯಿಗೆ ಮಾತ್ರ. ಈ ವಿಚಾರಣೆಯನ್ನು ಗುಟ್ಟಾಗಿ ಇಡಬೇಕೆಂಬ ನಿಯಮವಿದೆ.

ಸಹಿ ಹಾಕಿದ ಮೇಲೂ ಮರುಯೋಚನೆಗೆ ಎರಡು ತಿಂಗಳ ಕಾಲಾವಕಾಶವಿದೆ. ಅಷ್ಟರೊಳಗೆ ಮನಸ್ಸು ಬದಲಾದರೆ ಮಗುವನ್ನು ಮರಳಿ ಕೇಳಬಹುದು. ಅವಧಿ ಮುಗಿದು, ಮಗು ದತ್ತುವಿಗೆ ಮುಕ್ತವೆಂದು ಸಮಿತಿ ಘೋಷಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ದತ್ತು ಪಡೆಯುವವರನ್ನು ತಾಯಿ ಆರಿಸುವಂತಿಲ್ಲ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ (ಕಾರಾ) ಹೆಸರು ನೋಂದಾಯಿಸಿ ಕಾದಿರುವವರಿಗೆ ಸರದಿಯಂತೆ ಮಗು ಸೇರುತ್ತದೆ. ಅಮೆರಿಕದಂತಹ ದೇಶಗಳಲ್ಲಿ ಹೆತ್ತ ತಾಯಿಗೆ ಪತ್ರ, ಫೋಟೊ ಕಳುಹಿಸುವ, ಭೇಟಿ ಮಾಡಿಸುವ 'ಮುಕ್ತ ದತ್ತು' ರೂಢಿಯಲ್ಲಿದೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ.

2. ಸಂಬಂಧಿಕರಿಗೆ ಕೊಡುವುದು

ಮಗು ಕಣ್ಣೆದುರೇ ಬೆಳೆಯಲಿ ಎನ್ನುವವರಿಗೆ ಈ ದಾರಿಯಿದೆ. ಮಗುವಿನ ಅಜ್ಜ-ಅಜ್ಜಿ, ತಂದೆ ಅಥವಾ ತಾಯಿಯ ಒಡಹುಟ್ಟಿದವರು ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು. ಯಾವ ಧರ್ಮದವರಿಗೂ ಇದು ಅನ್ವಯಿಸುತ್ತದೆ. ಕಾರಾದಲ್ಲಿ ಅರ್ಜಿ ಹಾಕಿ, ಹೆತ್ತವರ ಒಪ್ಪಿಗೆ ಪತ್ರ ನೀಡಿ, ಜಿಲ್ಲಾಧಿಕಾರಿಯ ಆದೇಶ ಪಡೆಯಬೇಕು. (2022ರ ಸೆಪ್ಟೆಂಬರ್‌ಗೆ ಮೊದಲು ಈ ಆದೇಶವನ್ನು ನ್ಯಾಯಾಲಯ ನೀಡುತ್ತಿತ್ತು.)

ಆದರೆ ಚೆನ್ನಾಗಿ ಯೋಚಿಸಿ. ಆದೇಶವಾದ ಮೇಲೆ ಕಾನೂನಿನ ಪ್ರಕಾರ ಆಕೆ ಆ ಮಗುವಿನ ತಾಯಿಯಲ್ಲ. ಪ್ರತಿ ವರ್ಷ ಮೊಂತಿ ಫೆಸ್ತ್‌ನ ಹೊಸ ಅಕ್ಕಿ ಊಟಕ್ಕೆ ಕುಳಿತಾಗ ತನ್ನ ಮಗು ತನ್ನನ್ನೇ 'ಚಿಕ್ಕಮ್ಮ' ಎಂದು ಕರೆಯುವುದನ್ನು ಕೇಳಬೇಕಾಗುತ್ತದೆ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಆರದ ಗಾಯ. ಮಗುವಿಗೆ ಸತ್ಯವನ್ನು ಯಾವಾಗ, ಯಾರು ಹೇಳಬೇಕು ಎಂಬುದನ್ನು ಮನೆಯವರು ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

3. ಹಿಂದೂ ದತ್ತಕ ಕಾಯ್ದೆ

1956ರ ಈ ಕಾಯ್ದೆಯಡಿ ಹೆತ್ತವರು ತಮಗೆ ಗೊತ್ತಿರುವ ಕುಟುಂಬಕ್ಕೆ ನೇರವಾಗಿ ಮಗುವನ್ನು ಕೊಡಬಹುದು. ಇದು ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರು ಇದರಡಿ ದತ್ತು ಕೊಡಲು, ಪಡೆಯಲು ಬರುವುದಿಲ್ಲ.

ಮಾಡಬಾರದ ಕೆಲಸ

'ಮಕ್ಕಳಿಲ್ಲದವರು ಇದ್ದಾರೆ, ಆಸ್ಪತ್ರೆ ಖರ್ಚು ಅವರೇ ನೋಡಿಕೊಳ್ಳುತ್ತಾರೆ' ಎಂದು ಮಧ್ಯವರ್ತಿಗಳು ಬಂದರೆ ಒಪ್ಪಬೇಡಿ. ಹಣಕ್ಕೆ ಮಗುವನ್ನು ಕೊಟ್ಟರೆ, ಕೊಂಡರೆ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ. ಅದಕ್ಕಿಂತ ದೊಡ್ಡ ನಷ್ಟ ಮಗುವಿನದು. ಸುಳ್ಳು ಜನನ ದಾಖಲೆಯ ಮೇಲೆ ಬೆಳೆದ ಮಗುವಿಗೆ ಆ ಮನೆಯಲ್ಲಿ ದತ್ತುಮಗುವಿನ ಹಕ್ಕು ಸಿಗುವುದಿಲ್ಲ. ತನ್ನ ಮೂಲ ಹುಡುಕಲು ದಾಖಲೆಯೂ ಇರುವುದಿಲ್ಲ. ಮಗುವನ್ನು ಎಲ್ಲೋ ಬಿಟ್ಟು ಹೋಗುವುದಂತೂ ಅದರ ಜೀವಕ್ಕೇ ಅಪಾಯ.

ಮುಂದೊಂದು ದಿನ

ಕ್ರಮಬದ್ಧವಾಗಿ ದತ್ತು ಹೋದ ಮಗು 18 ವರ್ಷ ತುಂಬಿದ ಮೇಲೆ ತನ್ನ ಮೂಲವನ್ನು ತಿಳಿಯಲು ಅರ್ಜಿ ಹಾಕಬಹುದು. ಆದರೆ ತನ್ನ ಗುರುತು ಹೇಳಬಾರದೆಂದು ತಾಯಿ ಬರೆದುಕೊಟ್ಟಿದ್ದರೆ ಆಕೆಯ ಒಪ್ಪಿಗೆ ಬೇಕು. ಆದ್ದರಿಂದ ಒಪ್ಪಿಸುವಾಗ ಆರೋಗ್ಯದ ಮಾಹಿತಿ, ಕೊಡಬೇಕಾಗಿ ಬಂದ ಕಾರಣಗಳನ್ನು ಮನಬಿಚ್ಚಿ ತಿಳಿಸಿ. ಗುರುತು ಹೇಳದಿದ್ದರೂ ಆ ಕಾರಣವಾದರೂ ಮಗುವಿಗೆ ಒಂದು ದಿನ ತಲುಪಬಹುದು.

ಕೊನೆಯದಾಗಿ, ದತ್ತು ಕೊಡಲೇಬೇಕೆಂಬ ಕಡ್ಡಾಯ ಯಾರಿಗೂ ಇಲ್ಲ. ಮನೆಯವರು ಕೈಬಿಟ್ಟ ತಾಯಂದಿರ ಮಕ್ಕಳಿಗೆ 'ಮಿಷನ್ ವಾತ್ಸಲ್ಯ' ಯೋಜನೆಯಲ್ಲಿ ಪ್ರಾಯೋಜಕತ್ವದ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು. 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಮನೆಯವರಲ್ಲಿ ನಮ್ಮ ವಿನಂತಿ ಒಂದೇ: ಕೊಡುವುದೋ, ಇಟ್ಟುಕೊಳ್ಳುವುದೋ ಎಂಬ ತೀರ್ಮಾನವನ್ನು ಹೆತ್ತವಳಿಗೇ ಬಿಡಿ. ಆ ಎರಡು ತಿಂಗಳು ಆಕೆಯನ್ನು ಗದರಿಸಬೇಡಿ, ಜೊತೆಯಲ್ಲಿರಿ.