ಹುಳು ಕಲಿಸಿದ ಹಲ್ಲು

ಮರ ಕೊಯ್ಯುವ ಸರಪಳಿ ಗರಗಸವೆಂದರೆ ಮೊದಲು ನೆನಪಾಗುವುದು ಅದರ ಎಂಜಿನ್ನಿನ ಅಬ್ಬರ. ಆದರೆ ಮರವನ್ನು ಕೊಯ್ಯುವುದು ಎಂಜಿನ್ ಅಲ್ಲ, ಬೆರಳಿನ ಉಗುರಿನಷ್ಟೇ ಗಾತ್ರದ ಹಲ್ಲುಗಳು. ಇತಿಹಾಸವನ್ನು ನೋಡಿದರೆ ಎಂಜಿನ್ ಮೊದಲು ಬಂತು. ಅದಕ್ಕೆ ತಕ್ಕ ಹಲ್ಲು ಸಿಗಲು ಮತ್ತೂ ಸುಮಾರು 20 ವರ್ಷ ಕಾಯಬೇಕಾಯಿತು.

ಹಲ್ಲಿನ ಸರಪಳಿಯನ್ನು ಓಡಿಸಿ ಕೊಯ್ಯುವ ಉಪಾಯ ಕಾಡಿಗಿಂತ ಮೊದಲೇ ವೈದ್ಯರ ಕೈಯಲ್ಲಿತ್ತು. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಮೂಳೆ ಕೊಯ್ಯಲು ‘ಆಸ್ಟಿಯೋಟೋಮ್’ ಎಂಬ ಉಪಕರಣ ಮಾಡಿದ. ಹಿಡಿ ತಿರುಗಿಸಿದರೆ ಪಟ್ಟಿಯ ಸುತ್ತ ಪುಟ್ಟ ಸರಪಳಿ ಓಡುತ್ತಿತ್ತು. ಮರಕ್ಕೆ ಈ ಉಪಾಯ ಬಳಸುವ ಪ್ರಯತ್ನಗಳಲ್ಲಿ ಮುಖ್ಯವಾದವು ಎರಡು. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ನಡೆಯುವ ಗರಗಸ ಮಾಡಿದ. 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಎಂಬ ಬೆಟ್ಟದಲ್ಲಿ ಪರೀಕ್ಷಿಸಿದ. ಇಬ್ಬರು ಹಿಡಿದರೆ ಮಾತ್ರ ನಡೆಯುವಷ್ಟು ಭಾರದ ಯಂತ್ರಗಳವು.

ಆಗಿನ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲಿನಂತೆ ಮರವನ್ನು ಗೀರುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು. ಅವನ್ನು ಅರದಿಂದ ಉಜ್ಜಿ ಹರಿತ ಮಾಡುವುದು ಬಹಳ ಹೊತ್ತಿನ, ಪಳಗಿದ ಕೈಯ ಕೆಲಸವಾಗಿತ್ತು.

1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಒಂದು ಮರದ ಬೊಡ್ಡೆಯಲ್ಲಿ ದುಂಬಿಯ ಮರಿಹುಳುವನ್ನು ಕಂಡ. ಮರ ಕಡಿಯುವುದು ಅವನ ಕಸುಬಾಗಿತ್ತು. ತೋರುಬೆರಳಿನ ಗಾತ್ರದ ಆ ಹುಳು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುತ್ತಿತ್ತು. ಅದರ ಬಾಗಿದ ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಿದ್ದವು. ಅದೇ ಆಕಾರದ ಉಕ್ಕಿನ ಹಲ್ಲುಗಳನ್ನು ಕಾಕ್ಸ್ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ತಯಾರಿಸಿದ. 1947ರಲ್ಲಿ ಆ ಸರಪಳಿ ಮಾರಾಟಕ್ಕೆ ಬಂತು. ಇಂದಿನ ಸರಪಳಿಗಳೂ ಬಹುಮಟ್ಟಿಗೆ ಅದೇ ತತ್ತ್ವದವು.

ಈ ಹಲ್ಲು ಬಡಗಿಯ ಉಜ್ಜುಗೊರಡಿನಂತೆ ಮರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಹಲ್ಲಿನ ಮುಂದೆ ಇರುವ ಸಣ್ಣ ಉಬ್ಬು ಚಕ್ಕೆಯ ದಪ್ಪವನ್ನು ನಿರ್ಧರಿಸುತ್ತದೆ. ಸಾಮಾನ್ಯ ಸರಪಳಿಗಳಲ್ಲಿ ಉಬ್ಬು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಾಗಿರುತ್ತದೆ. ಉಬ್ಬನ್ನು ಹೆಚ್ಚು ಉಜ್ಜಿದರೆ ಹಲ್ಲು ಅತಿಯಾಗಿ ಕಚ್ಚಿ ಗರಗಸ ಜಗ್ಗುತ್ತದೆ.

ಹಾಗಾಗಿ ನಿರ್ವಹಣೆಯ ಮೊದಲ ಪಾಠ ಚಕ್ಕೆಯನ್ನು ನೋಡುವುದು. ಚಕ್ಕೆಯ ಬದಲು ನುಣ್ಣನೆಯ ಹುಡಿ ಬಿದ್ದರೆ ಹಲ್ಲು ಮೊಂಡಾಗಿದೆ ಎಂದರ್ಥ. ಸರಪಳಿಯ ಅಳತೆಗೆ ಹೊಂದುವ ಗುಂಡು ಅರದಿಂದ ಎಲ್ಲ ಹಲ್ಲುಗಳನ್ನೂ ಒಂದೇ ಕೋನದಲ್ಲಿ ಉಜ್ಜಬೇಕು. ಎಂಜಿನ್ ನಿಲ್ಲಿಸಿ, ಕೈಗವಸು ತೊಟ್ಟೇ ಈ ಕೆಲಸ ಮಾಡಬೇಕು. ಸರಪಳಿ ಸಡಿಲವಾದರೆ ಪಟ್ಟಿಯಿಂದ ಕಳಚೀತು. ಬಿಗಿ ಹೆಚ್ಚಾದರೆ ಪಟ್ಟಿಯೂ ಹಲ್ಲುಚಕ್ರವೂ ಸವೆಯುತ್ತವೆ. ಬಿಸಿಯಾದಾಗ ಸರಪಳಿ ಹಿಗ್ಗುತ್ತದೆ. ಆಗ ಬಿಗಿ ಮಾಡಿ ಹಾಗೇ ಬಿಟ್ಟರೆ ತಣಿದಾಗ ಕುಗ್ಗಿ ಯಂತ್ರವನ್ನೇ ಕೆಡಿಸಬಹುದು. ಪೆಟ್ರೋಲಿಗೆ ಬೆರೆಸುವ ಎಣ್ಣೆ ಬೇರೆ, ಸರಪಳಿಗೆ ಹರಿಯುವ ಎಣ್ಣೆ ಬೇರೆ.

ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಮೊಂಡು ಸರಪಳಿಯನ್ನು ಹಿಡಿದವನು ಬಲವಾಗಿ ಒತ್ತುತ್ತಾನೆ, ಬೇಗ ದಣಿಯುತ್ತಾನೆ. ಪಟ್ಟಿಯ ತುದಿಯ ಮೇಲಂಚು ಎಲ್ಲಾದರೂ ತಗುಲಿದರೆ ಗರಗಸ ಕ್ಷಣದಲ್ಲಿ ಹಿಂದಕ್ಕೆ ಚಿಮ್ಮಿ ಮುಖಕ್ಕೇ ಬರಬಹುದು. 1970ರ ದಶಕದಲ್ಲಿ ಬಂದ ಚೈನ್ ಬ್ರೇಕ್ ಎಷ್ಟೋ ಜನರನ್ನು ಕಾಪಾಡಿದೆ. ಅದು ಸರಿಯಿದೆಯೇ ಎಂದು ಕೆಲಸಕ್ಕೆ ಮೊದಲು ನೋಡಲೇಬೇಕು.

ನೂರು ವರ್ಷ ಬೆಳೆದ ಮರ ಈಗ ಕೆಲವೇ ನಿಮಿಷಗಳಲ್ಲಿ ಉರುಳುತ್ತದೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಹಲವು ಜಾತಿಯ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹರಿತವಾದ ಹಲ್ಲಿನ ಮುಂದೆ ಮರಕ್ಕೆ ಉಳಿದಿರುವ ರಕ್ಷಣೆ ಇಂಥ ಕಾನೂನು, ಮತ್ತು ಅದನ್ನು ಹಿಡಿದವನ ವಿವೇಕ.