ಬಿದ್ದ ಇಂಜಿನ್ ಎತ್ತೋಕೆ ಬರ್ತಿದ್ದ ರೈಲು

1/6

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಲಿಂಡಲ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ರೈಲು ದಾರಿಯ ಹತ್ತಿರ, ನೆಲದೊಳಗೆ, ಒಂದು ಸ್ಟೀಮ್ ಇಂಜಿನ್ ಹೂತುಹೋಗಿದೆ. ಹೋಗಿ 130 ವರ್ಷ ದಾಟಿತು. ಇವತ್ತಿಗೂ ಅಲ್ಲೇ ಇದೆ.

1892ರ ಸೆಪ್ಟೆಂಬರ್ 22. ಫರ್ನೆಸ್ ರೈಲ್ವೆಯ 115ನೇ ನಂಬರಿನ ಇಂಜಿನ್ ಬೆಳಿಗ್ಗೆ ಶಂಟಿಂಗ್ ಮಾಡ್ತಾ ಇತ್ತು. ಸುತ್ತಮುತ್ತ ಎಲ್ಲ ಕಬ್ಬಿಣದ ಅದಿರಿನ ಗಣಿಗಳು. ಕೆಳಗೆ ಅಗೆದು ಅಗೆದು ನೆಲ ಪೊಳ್ಳಾಗಿತ್ತು. ಇದ್ದಕ್ಕಿದ್ದಂತೆ ಹಳಿಯ ಕೆಳಗೆ ನೆಲ ಬಾಯಿಬಿಡ್ತು. ಡ್ರೈವರ್ ಹಾರಿ ಜೀವ ಉಳಿಸಿಕೊಂಡ. ಇಂಜಿನ್ ಮೂತಿ ಕೆಳಗೆ ಮಾಡಿ ಗುಂಡಿಗೆ ಇಳೀತು.

ಪಕ್ಕದ ಬ್ಯಾರೋ ಊರಿಂದ ದುರಸ್ತಿ ತಂಡ ಬಂತು. ಇಂಜಿನ್ ಹಿಂದಿದ್ದ ಟೆಂಡರ್, ಅಂದ್ರೆ ಕಲ್ಲಿದ್ದಲು-ನೀರಿನ ಗಾಡಿ, ಅದನ್ನ ಬಿಡಿಸಿ ಎಳೆದು ಉಳಿಸಿದರು. ಇಂಜಿನ್ನಿಗೆ ಏನಾದ್ರೂ ಮಾಡೋಣ ಅನ್ನುವಷ್ಟರಲ್ಲಿ ಮಧ್ಯಾಹ್ನ ನೆಲ ಮತ್ತೆ ಕುಸಿದು, ಅದು ಕಣ್ಣಿಗೇ ಕಾಣದಷ್ಟು ಆಳಕ್ಕೆ ಹೋಯ್ತು. ಕೊನೆಗೆ ಗುಂಡಿ ತುಂಬಿಸಿದರು, ಮತ್ತೆ ಹಳಿ ಹಾಕಿದರು, ರೈಲು ಓಡಿದವು.

ಈ ಕತೆಯಲ್ಲಿ ಒಂದು ವಿಷಯ ಗಮನಿಸಿ. ಇಂಜಿನ್ ಬಿಟ್ಟರು, ದಾರಿ ಬಿಡಲಿಲ್ಲ. ಇವತ್ತಿನ ಸರಣಿ ಪೂರ್ತಿ ಇದರ ಬಗ್ಗೆನೇ. ಅಪಘಾತದ ಬಗ್ಗೆ ನಾವು ತುಂಬಾ ಓದ್ತೀವಿ. ಅಪಘಾತ ಆದ ಮೇಲೆ ಬರ್ತಿದ್ದ ರೈಲಿನ ಬಗ್ಗೆ ಯಾರೂ ಬರೆಯಲ್ಲ. 👉

2/6

ಸ್ಟೀಮ್ ಕಾಲದಲ್ಲಿ ಬ್ರಿಟನ್ನಿನ ದೊಡ್ಡ ಇಂಜಿನ್ ಶೆಡ್‌ಗಳಲ್ಲಿ ಒಂದು ರೈಲು ಸುಮ್ಮನೆ ನಿಂತಿರ್ತಿತ್ತು. ಅದಕ್ಕೆ ಟೈಮ್‌ಟೇಬಲ್ ಇಲ್ಲ, ಪ್ರಯಾಣಿಕರೂ ಇಲ್ಲ. ಒಂದು ಸ್ಟೀಮ್ ಕ್ರೇನ್, ಅದರ ಉದ್ದ ತೋಳು ಆನಿಸಿಕೊಳ್ಳೋಕೆ ಒಂದು ಚಪ್ಪಟೆ ವ್ಯಾಗನ್, ಜಾಕ್-ಸರಪಳಿ-ಹಗ್ಗ ತುಂಬಿದ ಸಾಮಾನು ಡಬ್ಬಿ, ರಾಶಿ ರಾಶಿ ಮರದ ದಿಮ್ಮಿ, ಜೊತೆಗೆ ಕೆಲಸಗಾರರು ಕೂತು ಊಟ ಮಾಡೋಕೆ ಒಂದು ಹಳೇ ಬೋಗಿ. ಇದು ಬ್ರೇಕ್‌ಡೌನ್ ಟ್ರೈನ್. ಅಮೆರಿಕದಲ್ಲಿ ಇಂಥ ಕ್ರೇನಿಗೆ 'ಬಿಗ್ ಹುಕ್' ಅಂತಿದ್ದರು, ದೊಡ್ಡ ಕೊಕ್ಕೆ. ಅಲ್ಲಿ 250 ಟನ್ ಎತ್ತುವ ಕ್ರೇನ್‌ಗಳೂ ಬಂದವು.

ಇದರ ಮೇಲೆ ಹೋಗ್ತಿದ್ದವರು ಬೇರೆ ಯಾರೋ ಅಲ್ಲ. ಅದೇ ಶೆಡ್‌ನ ಫಿಟ್ಟರ್‌ಗಳು, ಬಾಯ್ಲರ್ ಕೆಲಸದವರು. ಹಗಲು ಇಂಜಿನ್ ರಿಪೇರಿ, ರಾತ್ರಿ ಕರೆ ಬಂದರೆ ಹಾಸಿಗೆಯಿಂದ ಎದ್ದು ಓಡೋದು.

ಸ್ಥಳಕ್ಕೆ ಹೋದ ಕೂಡಲೇ ಎತ್ತೋಕೆ ಶುರು ಮಾಡ್ತಿದ್ರಾ? ಇಲ್ಲ. ಬಿದ್ದ ಸ್ಟೀಮ್ ಇಂಜಿನ್ ಅಂದ್ರೆ ಉರಿಯುವ ಒಲೆ ಮತ್ತು ಕುದಿಯುವ ನೀರು. ಇಂಜಿನ್ ವಾಲಿದಾಗ ಬಾಯ್ಲರಿನ ನೀರೂ ಒಂದು ಕಡೆ ಸರಿಯುತ್ತೆ. ಒಲೆಯ ನೆತ್ತಿಯ ತಗಡಿನ ಮೇಲೆ ನೀರಿಲ್ಲದಿದ್ದರೆ ಅದು ಕೆಂಪಗೆ ಕಾದು, ಒತ್ತಡ ತಾಳದೆ ಸಿಡಿಯಬಹುದು. ಅದಕ್ಕೇ ಅಲ್ಲಿ ಸೀಸದ ಬಿರಡೆ ಇಡ್ತಿದ್ದರು. ಅತಿಯಾಗಿ ಕಾದರೆ ಸೀಸ ಕರಗಿ, ಉಗಿ ಒಲೆಗೆ ನುಗ್ಗಿ ಎಚ್ಚರಿಸಬೇಕು. ಹಾಗಾಗಿ ಮೊದಲ ಕೆಲಸ ಬೆಂಕಿ ತೆಗೆಯೋದು. ಆಮೇಲೆ ನೀರು ಖಾಲಿ ಮಾಡಿ ಭಾರ ಇಳಿಸೋದು, ಟೆಂಡರ್ ಬಿಡಿಸೋದು, ಚಕ್ರಗಳಿಗೆ ಜೋಡಿಸಿದ ಉದ್ದ ಕಂಬಿಗಳನ್ನ ಕಳಚೋದು. ಇದೆಲ್ಲ ಆದ ಮೇಲೆ ಕ್ರೇನಿನ ಸರದಿ.

ಇಷ್ಟೆಲ್ಲ ಒದ್ದಾಟ ಯಾಕೆ, ಗುಜರಿಗೆ ಹಾಕಬಾರದಾ ಅಂತೀರಾ? 1879ರ ಡಿಸೆಂಬರ್ 28ರ ಬಿರುಗಾಳಿ ರಾತ್ರಿ ಸ್ಕಾಟ್ಲೆಂಡಿನ ಟೇ ಸೇತುವೆ ರೈಲಿನ ಸಮೇತ ನೀರಿಗೆ ಬಿತ್ತು. ರೈಲಿನಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಆದರೆ 224ನೇ ನಂಬರಿನ ಇಂಜಿನ್ನನ್ನ ಮುಂದಿನ ವರ್ಷ ಮೇಲೆತ್ತಿದರು. ಎತ್ತುವಾಗ ಎರಡು ಸಲ ಜಾರಿ ಮತ್ತೆ ನೀರಿಗೆ ಬಿತ್ತು. ಆದರೂ ಬಿಡದೆ ತೆಗೆದು, ರಿಪೇರಿ ಮಾಡಿ, 1919ರವರೆಗೆ ಓಡಿಸಿದರು. ಜನ ಅದಕ್ಕೆ 'ಡೈವರ್' ಅಂತ ಅಡ್ಡಹೆಸರಿಟ್ಟರು, ಮುಳುಗಿ ಎದ್ದದ್ದು ಅಂತ. ಇಂಜಿನ್ ಅಂದ್ರೆ ಅಷ್ಟು ಬೆಲೆಬಾಳುವ ಆಸ್ತಿ.

3/6

ಈಗ ಕ್ರೇನ್ ವಿಷಯ. 'ಇದು 50 ಟನ್ ಕ್ರೇನ್' ಅಂದ ಕೂಡಲೇ ಅದು ಎಲ್ಲೇ ನಿಂತರೂ 50 ಟನ್ ಎತ್ತುತ್ತೆ ಅಂದ್ಕೋಬೇಡಿ.

ಹಳ್ಳಿ ಬಾವಿಯ ಏತ ನೆನಪು ಮಾಡ್ಕೊಳ್ಳಿ. ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಬಾನಿಯ ಕಡೆಯ ಕಂಬ ಉದ್ದ ಆದಷ್ಟೂ ಅದೇ ನೀರು ಹೆಚ್ಚು ಭಾರ ಅನ್ಸುತ್ತೆ. ಕ್ರೇನೂ ಅಷ್ಟೇ. ತೋಳು ಹತ್ತಿರ ಇದ್ದಾಗ 50 ಟನ್ ಎತ್ತುವ ಕ್ರೇನ್, ತೋಳು ದೂರ ಚಾಚಿದರೆ ಅದರ ಅರ್ಧವನ್ನೂ ಎತ್ತೋಕಾಗಲ್ಲ. ಹಠ ಮಾಡಿದರೆ ಕ್ರೇನೇ ಮಗುಚುತ್ತೆ. ಹಾಗೆ ಮಗುಚಿದ್ದೂ ಉಂಟು. ಬಿದ್ದದ್ದನ್ನ ಎತ್ತೋಕೆ ಬಂದ ಯಂತ್ರವೇ ಬೀಳುವ ಅಪಾಯ ಎಲ್ಲಕ್ಕಿಂತ ಹೆಚ್ಚು.

ಅದಕ್ಕೇ ಕ್ರೇನಿನ ಎರಡೂ ಪಕ್ಕಕ್ಕೆ ಉಕ್ಕಿನ ತೊಲೆಗಳನ್ನ ಹೊರಗೆಳೆದು, ಅದರ ಕೆಳಗೆ ಮರದ ದಿಮ್ಮಿ ಜೋಡಿಸಿ, ಜಾಕ್ ಬಿಗಿದು ನಿಲ್ಲಿಸ್ತಿದ್ದರು. ಎತ್ತೋಕೆ ಹಿಡಿಯುವ ನಿಮಿಷ ಕಮ್ಮಿ, ದಿಮ್ಮಿ ಜೋಡಿಸುವ ಗಂಟೆಗಳೇ ಜಾಸ್ತಿ. ಮಳೆ ಬಿದ್ದ ನೆಲ ಆದ್ರಂತೂ ಕೇಳೋದೇ ಬೇಡ. ಎತ್ತುವಾಗ ಕ್ರೇನ್ ಡ್ರೈವರಿಗೆ ಕೈಸನ್ನೆ ಮಾಡುವವ ಒಬ್ಬನೇ. ನೂರು ಜನ ನಿಂತಿದ್ರೂ ಅವನ ಕೈ ಮಾತ್ರ ನೋಡಬೇಕು.

ಇನ್ನೊಂದು ತೊಡಕಿತ್ತು. ಶಕ್ತಿ ಬೇಕು ಅಂದ್ರೆ ಕ್ರೇನೇ ಭಾರ ಇರಬೇಕು. ಅಷ್ಟು ಭಾರ ಕೆಲವೇ ಚಕ್ರಗಳ ಮೇಲೆ ಕೂತರೆ ದಾರಿಯ ಸೇತುವೆಗಳು ತಡೆಯಲ್ಲ. ಇದಕ್ಕೆ 20ನೇ ಶತಮಾನದ ಮೊದಲ ದಶಕದಲ್ಲಿ ಉಪಾಯ ಕಂಡುಹಿಡಿದವರು ಇಪ್ಸ್‌ವಿಚ್ ಊರಿನ ರ‍್ಯಾನ್ಸಮ್ಸ್ ಅಂಡ್ ರೇಪಿಯರ್ ಕಂಪನಿಯ ವಿಲ್ಫ್ರೆಡ್ ಸ್ಟೋಕ್ಸ್. ಕ್ರೇನಿನ ಹಿಂದೆ ಮುಂದೆ ಕಳಚಬಹುದಾದ ಚಕ್ರದ ಗಾಡಿಗಳನ್ನ ಜೋಡಿಸಿದರು. ದಾರಿಯಲ್ಲಿ ಅವೂ ಭಾರ ಹೊರುತ್ತವೆ, ಪಲ್ಲಕ್ಕಿಗೆ ಇನ್ನೊಂದು ನಾಲ್ಕು ಹೆಗಲು ಕೊಟ್ಟ ಹಾಗೆ. ಸ್ಥಳ ತಲುಪಿದ ಮೇಲೆ ಬಿಚ್ಚಿ ಪಕ್ಕಕ್ಕೆ ಸರಿಸಿದರಾಯ್ತು.

ಇದೇ ಸ್ಟೋಕ್ಸ್ 1915ರಲ್ಲಿ ಮೊದಲ ಮಹಾಯುದ್ಧಕ್ಕೆ 'ಸ್ಟೋಕ್ಸ್ ಮಾರ್ಟರ್' ಅನ್ನೋ ಫಿರಂಗಿ ಮಾಡಿಕೊಟ್ಟರು. ಲೋಕ ಅವರನ್ನ ನೆನಪಿಟ್ಟುಕೊಂಡಿದ್ದು ಅದಕ್ಕೇ. ಬಿದ್ದವರನ್ನ ಎತ್ತುವ ಕ್ರೇನಿಗೆ ಕೊಟ್ಟ ಗಾಡಿ ಬಗ್ಗೆ ರೈಲು ಹುಚ್ಚರಿಗೆ ಮಾತ್ರ ಗೊತ್ತು. 👉

4/6

ಈಗ ನಿಮ್ಮನ್ನ ಲಂಡನ್ ಹೊರವಲಯಕ್ಕೆ ಕರ್ಕೊಂಡು ಹೋಗ್ತೀನಿ. 1952ರ ಅಕ್ಟೋಬರ್ 8, ಬುಧವಾರ, ಬೆಳಿಗ್ಗೆ 8:19. ಹ್ಯಾರೋ ಅಂಡ್ ವೀಲ್ಡ್‌ಸ್ಟೋನ್ ಸ್ಟೇಷನ್.

ಆಫೀಸಿಗೆ ಹೋಗುವವರಿಂದ ತುಂಬಿದ್ದ ಲೋಕಲ್ ರೈಲು ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ಸ್ಕಾಟ್ಲೆಂಡಿನ ಪರ್ತ್‌ನಿಂದ ಬರ್ತಿದ್ದ ರಾತ್ರಿ ಎಕ್ಸ್‌ಪ್ರೆಸ್ ಸಿಗ್ನಲ್ ದಾಟಿ, ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಅದರ ಹಿಂಭಾಗಕ್ಕೆ ಗುದ್ದಿತು. ಯಾರೂ ಏನೂ ಮಾಡುವ ಮೊದಲೇ ಎದುರು ದಿಕ್ಕಿಂದ ಎರಡು ಇಂಜಿನ್ ಕಟ್ಟಿಕೊಂಡು ಬರ್ತಿದ್ದ ಇನ್ನೊಂದು ಎಕ್ಸ್‌ಪ್ರೆಸ್ ಆ ರಾಶಿಗೆ ನುಗ್ಗಿತು. ಆ ಎರಡು ಇಂಜಿನ್‌ಗಳು ಪ್ಲಾಟ್‌ಫಾರ್ಮನ್ನೇ ಸೀಳಿಕೊಂಡು ಹೋಗಿ ಆಚೆಯ ವಿದ್ಯುತ್ ರೈಲಿನ ಹಳಿಗಳ ಮೇಲೆ ಪಕ್ಕಕ್ಕೆ ಉರುಳಿದವು.

112 ಜನ ಸತ್ತರು. 340 ಜನ ಗಾಯಗೊಂಡರು. ಶಾಂತಿಕಾಲದಲ್ಲಿ ಬ್ರಿಟನ್ ಕಂಡ ಅತಿ ದೊಡ್ಡ ರೈಲು ದುರಂತ ಇವತ್ತಿಗೂ ಇದೇ. ಪರ್ತ್ ರೈಲಿನ ಡ್ರೈವರ್, ಫೈರ್‌ಮನ್ ಇಬ್ಬರೂ ಸತ್ತದ್ದರಿಂದ ಸಿಗ್ನಲ್ ಯಾಕೆ ದಾಟಿದರು ಅನ್ನೋದು ತಿಳಿಯಲೇ ಇಲ್ಲ.

16 ಡಬ್ಬಿಗಳು ನಾಶವಾದವು ಇಲ್ಲವೇ ತೀರಾ ಜಖಂ ಆದವು. ಅದರಲ್ಲಿ 13 ಒಂದರೊಳಗೊಂದು ನುಗ್ಗಿ ಒಂದೇ ಗುಡ್ಡೆ ಆಗಿದ್ದವು. ಸುಮಾರು 41 ಮೀಟರ್ ಉದ್ದ, 16 ಮೀಟರ್ ಅಗಲ, 9 ಮೀಟರ್ ಎತ್ತರ. ಅಂದ್ರೆ ಮೂರು ಅಂತಸ್ತಿನ ಕಟ್ಟಡದಷ್ಟು. ಪರ್ತ್ ರೈಲಿನ ಇಂಜಿನ್ 'ಸಿಟಿ ಆಫ್ ಗ್ಲಾಸ್ಗೋ' ಆ ಗುಡ್ಡೆಯ ಕೆಳಗಿತ್ತು.

5/6

ಇಲ್ಲಿ ಒಂದ್ಸಲ ನಿಂತು ಯೋಚಿಸಿ. ಕ್ರೇನ್ ಬಂದಿದೆ. ಒಳಗೆ ಜೀವಂತ ಇರುವವರೂ ಇದ್ದಾರೆ. ಎತ್ತಬೇಕಾ, ಬೇಡ್ವಾ?

ಗುಡ್ಡೆಯಲ್ಲಿ ಒಂದು ಡಬ್ಬಿ ಎತ್ತಿದರೆ ಅದಕ್ಕೆ ಒರಗಿಕೊಂಡಿರೋ ಇನ್ನೊಂದು ಜಾರುತ್ತೆ. ಅದರ ಸಂದಿಯಲ್ಲಿ ಯಾರೋ ಉಸಿರಾಡ್ತಾ ಇರಬಹುದು. ಹಾಗಾಗಿ ದೊಡ್ಡ ಕ್ರೇನ್ ಇದ್ದರೂ ಮೊದಲ ಕೆಲಸ ಕೈ, ಹಾರೆ, ಗ್ಯಾಸ್ ಕಟ್ಟರ್‌ಗಳದ್ದೇ. ಹತ್ತಿರದ ನೆಲೆಯಿಂದ ಬಂದ ಅಮೆರಿಕನ್ ವಾಯುಪಡೆಯ ವೈದ್ಯರು, ನರ್ಸ್‌ಗಳು ಗಾಯಾಳುಗಳನ್ನ ಅಲ್ಲೇ ಪರೀಕ್ಷಿಸಿ, ಯಾರನ್ನ ಮೊದಲು ಆಸ್ಪತ್ರೆಗೆ ಕಳಿಸಬೇಕು ಅಂತ ವಿಂಗಡಿಸಿದರು. ಬದುಕಿರುವವರ ಹುಡುಕಾಟ ಮಾರನೇ ದಿನ ಬೆಳಗಿನ ಜಾವ 1:30ರ ತನಕ ನಡೀತು.

ಈಗ ಈ ಸಮಯಗಳನ್ನ ನೋಡಿ.
▪️ 9ನೇ ತಾರೀಕು, ಬೆಳಿಗ್ಗೆ 5:32: ಹಾನಿಯಾಗದ ನಿಧಾನಗತಿಯ ಹಳಿಗಳಲ್ಲಿ ರೈಲು ಶುರು.
▪️ 11ನೇ ತಾರೀಕು, ಬೆಳಿಗ್ಗೆ 4:30: ವಿದ್ಯುತ್ ರೈಲಿನ ಹಳಿಗಳು ಶುರು. ಅಲ್ಲಿಯವರೆಗೆ ಕ್ರೇನ್‌ಗಳು ನಿಂತು ಕೆಲಸ ಮಾಡ್ತಿದ್ದದ್ದು ಈ ಹಳಿಗಳ ಮೇಲೇ.
▪️ 12ನೇ ತಾರೀಕು, ರಾತ್ರಿ 8:00: ಎಕ್ಸ್‌ಪ್ರೆಸ್ ಹಳಿಗಳಲ್ಲೂ ಕಡಿಮೆ ವೇಗದಲ್ಲಿ ಸಂಚಾರ.

ಹುಡುಕಾಟ ನಿಂತ ನಾಲ್ಕೇ ಗಂಟೆಗೆ ಪಕ್ಕದ ಹಳಿಯಲ್ಲಿ ರೈಲು! ಮೊದಲ ಸಲ ಓದಿದಾಗ ಇದೇನು ಕಲ್ಲುಹೃದಯ ಅನ್ಸುತ್ತೆ. 112 ಜನ ಸತ್ತ ಜಾಗ, ಸೂತಕದ ಮನೆ. ಕಿಟಕಿಯಿಂದ ಆ ಗುಡ್ಡೆ ನೋಡ್ತಾ ಜನ ಕೆಲಸಕ್ಕೆ ಹೋದರಾ?

ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಇದು ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ದಾರಿ. ನಿಂತರೆ ಹಾಲು, ಕಲ್ಲಿದ್ದಲು, ಟಪಾಲು, ಜನ ಎಲ್ಲ ನಿಲ್ಲುತ್ತೆ. ಬ್ರೇಕ್‌ಡೌನ್ ತಂಡ ಈ ಎರಡರ ಮಧ್ಯೆ ನಿಂತು ಕೆಲಸ ಮಾಡಬೇಕಿತ್ತು. ಒಂದು ಕಡೆ 'ಬೇಗ ದಾರಿ ಬಿಡಿಸಿ' ಅನ್ನೋ ಒತ್ತಡ, ಇನ್ನೊಂದು ಕಡೆ ಅವಸರ ಮಾಡಿದರೆ ಯಾರ ಜೀವ ಹೋಗುತ್ತೋ ಅನ್ನೋ ಭಯ. ಹ್ಯಾರೋದ ಗಂಟೆಗಳನ್ನ ಸಾಲಾಗಿ ಇಟ್ಟು ನೋಡಿದರೆ ಅವರು ಹಿಡಿದ ಕ್ರಮ ಸ್ಪಷ್ಟವಾಗಿ ಕಾಣುತ್ತೆ. ಮೊದಲು ಜನ, ಆಮೇಲೆ ದಾರಿ, ಕೊನೆಗೆ ಇಂಜಿನ್. ಇಂಜಿನ್ ಎಷ್ಟೇ ಬೆಲೆಬಾಳಲಿ, ಅದರ ಪಾಳಿ ಕೊನೆಗೇ. 👉

6/6

ಆ ಮೂರು ಇಂಜಿನ್‌ಗಳ ಗತಿ ಏನಾಯ್ತು?

'ಸಿಟಿ ಆಫ್ ಗ್ಲಾಸ್ಗೋ' ಇಂಜಿನ್ ಒಂದೇ ಸುಮಾರು 105 ಟನ್, ಟೆಂಡರ್ ಬೇರೆ ಸುಮಾರು 56 ಟನ್. ಆ ಕಾಲದ ಬ್ರಿಟಿಷ್ ಬ್ರೇಕ್‌ಡೌನ್ ಕ್ರೇನ್‌ಗಳು 36, 45, 50 ಟನ್ನಿನವು. ಲೆಕ್ಕ ನೀವೇ ಹಾಕಿ. ಇಂಥ ದೊಡ್ಡ ಇಂಜಿನ್ ಒಂದು ಕ್ರೇನಿಗೆ ಬಗ್ಗಲ್ಲ. ಎರಡು ಕ್ರೇನ್ ಎರಡು ತುದಿಗೆ ನಿಲ್ಲಬೇಕು, ಇಲ್ಲವೇ ಒಂದು ತುದಿ ಎತ್ತಿ, ಕೆಳಗೆ ದಿಮ್ಮಿ ಇಟ್ಟು, ಆಮೇಲೆ ಇನ್ನೊಂದು ತುದಿ. ಎಲ್ಲಕ್ಕಿಂತ ಕೆಳಗೆ ಸಿಕ್ಕಿಕೊಂಡಿದ್ದ ಈ ಇಂಜಿನ್ ರಿಪೇರಿ ಆಗಿ 1963ರವರೆಗೆ ಓಡಿತು.

ಉಳಿದೆರಡು, 'ವಿಂಡ್‌ವರ್ಡ್ ಐಲೆಂಡ್ಸ್' ಮತ್ತು 'ಪ್ರಿನ್ಸೆಸ್ ಆ್ಯನ್', ಗುಜರಿ ಸೇರಿದವು. 'ಪ್ರಿನ್ಸೆಸ್ ಆ್ಯನ್' ಕತೆ ಪಾಪ ಅನ್ಸುತ್ತೆ. ಮೊದಲು ಟರ್ಬೈನಿನಿಂದ ಓಡ್ತಿದ್ದ ಪ್ರಯೋಗದ ಇಂಜಿನ್ ಅದು. ಅದನ್ನ ಮಾಮೂಲಿ ಸ್ಟೀಮ್ ಇಂಜಿನ್ ಮಾಡಿ, ಹೊಸ ಹೆಸರಿಟ್ಟು ಹೊರಗೆ ಬಿಟ್ಟಿದ್ದು 1952ರ ಆಗಸ್ಟ್‌ನಲ್ಲಿ. ಓಡಿದ್ದು ಎರಡು ತಿಂಗಳು ಅಷ್ಟೇ. ಆ ಜಾಗ ತುಂಬೋಕೆ 1954ರಲ್ಲಿ 'ಡ್ಯೂಕ್ ಆಫ್ ಗ್ಲಾಸ್ಟರ್' ಇಂಜಿನ್ ಕಟ್ಟಿದರು. ಇದಕ್ಕಿಂತ ಮುಖ್ಯ ಅಂದ್ರೆ, ಸಿಗ್ನಲ್ ಹತ್ತಿರ ಬಂದಾಗ ಕ್ಯಾಬ್ ಒಳಗೇ ಡ್ರೈವರನ್ನ ಎಚ್ಚರಿಸುವ ವ್ಯವಸ್ಥೆಯನ್ನ ಬ್ರಿಟನ್ನಿನಲ್ಲಿ ಬೇಗ ಬೇಗ ಅಳವಡಿಸೋಕೆ ಈ ದುರಂತವೇ ಕಾರಣ ಆಯ್ತು.

ಸ್ಟೀಮ್ ಕ್ರೇನ್‌ಗಳ ಕಾಲ ಮುಗೀತು. ಬ್ರಿಟನ್ನಿನಲ್ಲಿ ಅವುಗಳ ಕೆಲಸವನ್ನ ಬಹುಪಾಲು ರಸ್ತೆಯ ಮೇಲೆ ಬರುವ ಕ್ರೇನ್‌ಗಳು ಮಾಡ್ತವೆ. ಆದರೆ ನಮ್ಮಲ್ಲಿ ಆ ರೈಲು ಇನ್ನೂ ಜೀವಂತ ಇದೆ. ಅದಕ್ಕೆ ಆಕ್ಸಿಡೆಂಟ್ ರಿಲೀಫ್ ಟ್ರೈನ್ ಅಂತಾರೆ. ಕರೆ ಬಂದ ಮೇಲೆ ಹಗಲಾದರೆ 30 ನಿಮಿಷ, ರಾತ್ರಿಯಾದರೆ 45 ನಿಮಿಷದೊಳಗೆ ಹೊರಡಬೇಕು ಅನ್ನೋದು ನಿಯಮ. ನಮ್ಮ ರೈಲ್ವೆಯ 140 ಟನ್ನಿನ ಡೀಸೆಲ್ ಕ್ರೇನ್‌ಗಳು ಬಿಹಾರದ ಜಮಾಲ್‌ಪುರ ವರ್ಕ್‌ಶಾಪಿನಲ್ಲೇ ತಯಾರಾಗಿವೆ. ಡಬ್ಬಿ ಚಿಕ್ಕದಾಗಿ ಹಳಿ ತಪ್ಪಿದ್ದರೆ ಕ್ರೇನ್ ಬೇಕಾಗೋದೇ ಇಲ್ಲ, ಹೈಡ್ರಾಲಿಕ್ ಜಾಕ್‌ಗಳಲ್ಲೇ ಎತ್ತಿ ಕೂರಿಸ್ತಾರೆ.

ಮುಂದಿನ ಸಲ ಹುಬ್ಬಳ್ಳಿಯಂಥ ದೊಡ್ಡ ಜಂಕ್ಷನ್ ದಾಟುವಾಗ ಯಾರ್ಡ್ ಕಡೆ ಕಣ್ಣು ಹಾಯಿಸಿ. ತೋಳು ಮಡಚಿ ಮಲಗಿಸಿದ ಒಂದು ಕ್ರೇನ್, ಅದರ ಹಿಂದೆ ನಾಲ್ಕಾರು ಡಬ್ಬಿ, ಎಲ್ಲೂ ಹೋಗದೆ ನಿಂತಿದ್ದರೆ ಅದೇ ಇದು. ಅದು ಹಾಗೆ ನಿಂತೇ ಇದೆ ಅಂದ್ರೆ ಆ ದಿನ ಎಲ್ಲರೂ ಕ್ಷೇಮವಾಗಿ ಊರು ಮುಟ್ಟಿದ್ದಾರೆ ಅಂತ ಅರ್ಥ.

ನಿಮ್ಮ ಮನೇಲಿ, ನೆಂಟರಲ್ಲಿ ಯಾರಾದ್ರೂ ಲೋಕೋ ಶೆಡ್‌ನಲ್ಲಿ ಕೆಲಸ ಮಾಡಿದ್ದಾರಾ? ರಾತ್ರಿ ಸೈರನ್ ಕೇಳಿ ಎದ್ದು ಓಡಿದ ನೆನಪು ಅವರಿಗೆ ಇದ್ದೇ ಇರುತ್ತೆ. ಕೇಳಿ ನೋಡಿ, ಕೆಳಗೆ ಬರೀರಿ. ಇಂಥ ಕತೆಗಳು ಅವರ ಬಾಯಲ್ಲಿ ಉಳಿದಷ್ಟು ಕಾಗದದಲ್ಲಿ ಉಳಿದಿಲ್ಲ.

#ಹಳಿಪಕ್ಕದಚರಿತ್ರೆ #ರೈಲುಕತೆ #ಸ್ಟೀಮ್‌ಕಾಲ #ಕನ್ನಡದಲ್ಲಿಇತಿಹಾಸ